ಎಕ್ಸ್‌ಪೋರ್ಟ್ ಮುದ್ದೆ ಕೋಲು

ಸೀದ ರಾಗಿ ಹಿಟ್ಟಿನ ವಾಸನೆಯನ್ನು ಒಮ್ಮೆ ಮೂಸಿದವರು ಮರೆಯುವುದಿಲ್ಲ. ಅದು ಹೊಗೆಯೂ ಅಲ್ಲ, ಸುಟ್ಟ ಬೆಲ್ಲವೂ ಅಲ್ಲ. ಎರಡರ ನಡುವಿನ ಏನೋ ಒಂದು ಮೂಗಿನೊಳಗೆ ಹೋಗಿ ಕೂತರೆ ಎದ್ದು ಹೋಗುವುದೇ ಇಲ್ಲ. ಪಾಪಯ್ಯನ ಮೂಗಿನಲ್ಲಿ ಅದು ಬಂದು ಕೂತದ್ದು ಅವನಿಗೆ ಏಳು ವರ್ಷವಾಗಿದ್ದಾಗ. ನೆಲಮಂಗಲದ ಆಚೆ ಅವನ ಊರಲ್ಲಿ ಯಾರದೋ ಮದುವೆ. ಅವನ ತಾಯಿ ಕೊಪ್ಪರಿಗೆಯ ಮುಂದೆ ನಿಂತು, ಆಳೆತ್ತರದ ಮುದ್ದೆ ಕೋಲು ಹಿಡಿದು, ನೂರೈವತ್ತು ಜನರಿಗೆ ಹಿಟ್ಟು ತಿರುವುತ್ತಿದ್ದಳು. ಹಬೆಗೆ ಕೈ ಬೆವರಿ ಕೋಲು ಜಾರಿತು. ಅದನ್ನು ಮತ್ತೆ ಹಿಡಿಯುವಷ್ಟರಲ್ಲಿ ಹಿಟ್ಟು ತಳ ಹತ್ತಿತು. ಪಂಕ್ತಿಯಲ್ಲಿ ಕೂತ ಹಿರಿಯರು ಒಂದು ಮಾತೂ ಆಡಲಿಲ್ಲ. ಅವರ ಮೂಗುಗಳೇ ಎಲ್ಲ ಹೇಳಿಬಿಟ್ಟವು.

ಮರುದಿನ ತಾಯಿ ಹಳೇ ಸೀರೆಯ ಅಂಚನ್ನು ಹರಿದು, ಬೆರಳಗಲ ಸಂದು ಬಿಟ್ಟು, ಕೋಲಿಗೆ ಬಳ್ಳಿಯ ಹಾಗೆ ಸುತ್ತಿದಳು. "ತಿರುವೋ ಕೈಗೆ ಎದುರಾಗಿ ಸುತ್ತಬೇಕು ಮಗ, ಆಗ ತಿರುವಿದಷ್ಟೂ ಬಿಗಿ ಆಗ್ತದೆ" ಎಂದಳು. ಆಮೇಲೆ ಅವಳು ಸಾಯುವ ತನಕ ಅವಳ ಕೈಯಿಂದ ಕೋಲು ಜಾರಲಿಲ್ಲ.

ಅಂಥ ತಾಯಿಯ ಮಗ ಬೆಳೆದು ದೊಡ್ಡವನಾಗಿ ಪೀಣ್ಯ ಎರಡನೇ ಹಂತದ ಒಂದು ರಬ್ಬರ್ ಕಾರ್ಖಾನೆಯಲ್ಲಿ ಸ್ಕೂಟರ್ ಹ್ಯಾಂಡಲ್ಲಿನ ಹಿಡಿ ಮಾಡುವ ಕೆಲಸಕ್ಕೆ ಸೇರಿದ. ಮೂವತ್ತೊಂದು ವರ್ಷವಾಯಿತು. ಅವನ ವಿಭಾಗದಲ್ಲಿ ಒಟ್ಟು ನಾಲ್ಕು ಜನ, ಅವನೇ ಹಿರಿಯ. ಊರಿನ ಅರ್ಧ ಸ್ಕೂಟರುಗಳ ಮೇಲೆ ಜನ ಹಿಡಿದಿರುವುದು ತನ್ನ ಕೈಯನ್ನೇ ಎಂದು ಅವನ ನಂಬಿಕೆ. ಕೆಟ್ಟ ಮನುಷ್ಯನಲ್ಲ. ಅವನಲ್ಲಿದ್ದ ಐಬು ಒಂದೇ. 'ಗೊತ್ತಿಲ್ಲ' ಎಂಬ ಒಂದು ಮಾತನ್ನು ಬಿಟ್ಟು ಉಳಿದ ಕನ್ನಡವೆಲ್ಲ ಅವನಿಗೆ ಬರುತ್ತಿತ್ತು. ಯಾರಾದರೂ ಇಎಸ್ಐ ಆಸ್ಪತ್ರೆಗೆ ದಾರಿ ಕೇಳಿದರೆ ತುಂಬು ವಿಶ್ವಾಸದಿಂದ ತುಮಕೂರಿನ ಕಡೆಗೆ ಕಳಿಸುತ್ತಿದ್ದ. ಅದಕ್ಕೂ ಒಂದು ಕಾರಣವಿತ್ತು. ಪೀಣ್ಯದಲ್ಲಿ ಗೊತ್ತಿಲ್ಲ ಎಂದವನ ಕೈಗೆ ಪೊರಕೆ ಬರುತ್ತದೆ. ಇದನ್ನು ಅವನು ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಕಲಿತಿದ್ದ.

ನವೆಂಬರ್ ತಿಂಗಳ ಒಂದು ಬುಧವಾರ ಮಾಲೀಕ ಶಶಿಕುಮಾರ್ ಗಾಳಿಗುಳ್ಳೆಗಳ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಒಂದು ಉದ್ದನೆಯ ವಸ್ತುವನ್ನು ತಂದು ಮೇಜಿನ ಮೇಲೆ ಮಲಗಿಸಿದ. ಅಪ್ಪನಿಂದ ಕಾರ್ಖಾನೆ ವಹಿಸಿಕೊಂಡು ಎರಡು ವರ್ಷವಾಗಿದ್ದ ಹುಡುಗ ಅವನು. ಮಾತು ಮೆತ್ತಗೆ, ಕಣ್ಣು ಯಾವಾಗಲೂ ಫೋನಿನ ಮೇಲೆ. ಹಾಳೆ ಬಿಚ್ಚಿದರೆ ಒಳಗೆ ಆಳೆತ್ತರದ ಒಂದು ಕಪ್ಪು ಕೋಲು. ಒಂದು ತುದಿಯಲ್ಲಿ ಮುತ್ತುಗದೆಲೆಯಂಥ ಅಗಲ ಪ್ಲಾಸ್ಟಿಕ್ ಹಲಗೆ. ಇನ್ನೊಂದು ತುದಿಯಲ್ಲಿ ಅಂಗೈಯೂರಿ ಹಿಡಿಯಲು ಒಂದು ಅಡ್ಡ ಹಿಡಿ.

"ಪಾಪಯ್ಯ, ವೈಟ್‌ಫೀಲ್ಡ್ ಪಾರ್ಟಿದು. ಎಕ್ಸ್‌ಪೋರ್ಟ್ ಆರ್ಡರ್. ಇದರ ಗ್ರಿಪ್ ಇಂಪ್ರೂವ್ ಮಾಡ್ಬೇಕಂತೆ. ಇದು ಏನು ಅಂತ ಗೊತ್ತಲ್ವಾ?"

ಈ ಕಥೆ ಇಲ್ಲೇ ಮುಗಿಯಬಹುದಿತ್ತು.

"ಗೊತ್ತಿಲ್ದೆ ಏನ್ ಸಾರ್!" ಎಂದ ಪಾಪಯ್ಯ.

"ಗುಡ್. ನಿಂತ್ಕೊಂಡೇ ಮಾಡೋದಲ್ವಾ, ಎರಡೂ ಕೈ ಬೇಕು. ಕೈಯೆಲ್ಲ ಒದ್ದೆ ಆಗಿರುತ್ತೆ. ಒಂದ್ ಗಂಟೆ ಬಿಡದೆ ಮಾಡಿದ್ರೂ ಜಾರ್ಬಾರ್ದು, ಬೊಬ್ಬೆ ಬರ್ಬಾರ್ದು. ಈಗ ಅಪಾರ್ಟ್‌ಮೆಂಟ್‌ನೋರೆಲ್ಲ ಇದಕ್ಕೆ ಬಿದ್ದಿದ್ದಾರೆ ಪಾಪಯ್ಯ. ಹೆಲ್ತ್‌ಗೆ ಒಳ್ಳೇದಂತೆ. ಫಾರಿನ್‌ನಲ್ಲಂತೂ ಕ್ರೇಜು."

ನಿಂತುಕೊಂಡೇ ಮಾಡುವುದು. ಎರಡು ಕೈ. ಕೈ ಒದ್ದೆ. ಆರೋಗ್ಯಕ್ಕೆ ಒಳ್ಳೆಯದು. ಅಪಾರ್ಟ್‌ಮೆಂಟಿನವರು ಬಿದ್ದಿದ್ದಾರೆ. ಪಾಪಯ್ಯನ ತಲೆಯಲ್ಲಿ ದೀಪ ಹತ್ತಿಕೊಂಡಿತು. ಟೀವಿಯಲ್ಲಿ ದಿನವೂ ಸಿರಿಧಾನ್ಯ, ಸಿರಿಧಾನ್ಯ ಎಂದು ಬಡಿದುಕೊಳ್ಳುತ್ತಿದ್ದರು. ಕೊನೆಗೂ ಪ್ರಪಂಚಕ್ಕೆ ಬುದ್ಧಿ ಬಂದಿದೆ, ರಾಗಿ ಮುದ್ದೆ ಅಮೆರಿಕ ಮುಟ್ಟಿದೆ, ಇದು ಅದರ ಕೋಲು!

"ಒಂದ್ ವಿಷಯ" ಎಂದ ಶಶಿಕುಮಾರ್. "ಸ್ಕೂಟರ್ ಆರ್ಡರ್ ಈ ತಿಂಗಳ ಕೊನೆಗೆ ನಿಲ್ಲತ್ತೆ. ಸೋಮವಾರ ವೈಟ್‌ಫೀಲ್ಡ್‌ನಿಂದ ಮಂಜುಶ್ರೀ ಮೇಡಂ ಬಂದು ಇದನ್ನ ನೋಡ್ತಾರೆ. ಅವರು ಓಕೆ ಅಂದ್ರೆ ನಿಮ್ಮ ನಾಲ್ಕು ಜನಕ್ಕೂ ಕೆಲಸ ಇರತ್ತೆ. ಇಲ್ಲಾಂದ್ರೆ..." ಎಂದು ಫೋನು ನೋಡಿದ. 'ಇಲ್ಲಾಂದ್ರೆ' ಎಂದ ಮೇಲೆ ಮಾಲೀಕರು ಫೋನು ನೋಡಿದರೆ ಅದಕ್ಕೆ ಅರ್ಥ ಒಂದೇ.

ಅವನು ಹೋದ ಮೇಲೆ ಪ್ರೆಸ್ ಯಂತ್ರದ ಹತ್ತಿರದಿಂದ ಮಲಕಪ್ಪ ಬಂದ. ಆ ನಾಲ್ವರಲ್ಲಿ ಒಬ್ಬ; ಯಾದಗಿರಿ ಕಡೆಯವನು, ಹೆಂಡತಿ ಮತ್ತು ಎರಡು ಹೆಣ್ಣುಮಕ್ಕಳ ಜೊತೆ ಒಂದೇ ಕೋಣೆಯಲ್ಲಿ ಬಾಡಿಗೆಗಿದ್ದ.

"ಏನ್ರೀ ಪಾಪಣ್ಣ ಇದು?"

"ಮುದ್ದೆ ಕೋಲು. ಎಕ್ಸ್‌ಪೋರ್ಟು."

"ನಮ್ ಕಡಿ ಮುದ್ದಿ ಇಲ್ರಿ. ರೊಟ್ಟಿಗೂ ಎಕ್ಸ್‌ಪೋರ್ಟ್ ಬಂದ್ರ ಹೇಳ್ರಿ, ನಮ್ಮಾಕಿ ಇಡೀ ಅಮೆರಿಕಾಕ್ಕ ಬಡದು ಹಾಕ್ತಾಳ." ಆಮೇಲೆ ಹಲಗೆಯನ್ನು ಬೆರಳಿನಿಂದ ತಟ್ಟಿ ನೋಡಿದ. "ಅಲ್ರೀ, ಇದು ಪ್ಲಾಸ್ಟಿಕ್ ಐತಿ. ಕುದಿಯೋ ಹಿಟ್ಟಿನಾಗ ತಡೀತದೇನ್ರೀ?"

"ಫಾರಿನ್ ಪ್ಲಾಸ್ಟಿಕ್ಕು" ಎಂದ ಪಾಪಯ್ಯ. ಅಲ್ಲಿಗೆ ವಿಜ್ಞಾನ ಮುಗಿಯಿತು.

ಮನೆಯಲ್ಲಿ ಮಾಡಿ ನೋಡದೆ ಯಾವ ಕೆಲಸವನ್ನೂ ಅವನು ಒಪ್ಪಿಸುತ್ತಿರಲಿಲ್ಲ. ಕೋಲನ್ನು ಹೆಗಲ ಮೇಲಿಟ್ಟುಕೊಂಡು ಮೆಟ್ರೋ ನಿಲ್ದಾಣಕ್ಕೆ ಹೋದರೆ ಕಾವಲಿನವನು ತಡೆದ. ಅವನ ಸ್ಕ್ಯಾನರ್ ಯಂತ್ರದಲ್ಲಿ ಆ ಕೋಲು ಹಿಡಿಸುವಂತಿರಲಿಲ್ಲ.

"ಏನಣ್ಣ ಇದು, ಆಯುಧಾನಾ?"

"ರಾಗಿ ಮುದ್ದೆ ತಿರುವೋದು."

"ಇಷ್ಟುದ್ದಾನಾ? ನಿಮ್ಮನೇಲಿ ಎಷ್ಟ್ ಜನ?"

"ಅಮೆರಿಕದಷ್ಟು ಜನ" ಎಂದ ಪಾಪಯ್ಯ. ಕಾವಲಿನವನು ಒಳಗೆ ಬಿಡಲಿಲ್ಲ. ಆದರೆ ನಗದೆ, "ಸರ್ವಿಸ್ ರೋಡಲ್ಲಿ ನೆರಳಿದೆ ಅಣ್ಣ, ಆ ಕಡೆಯಿಂದ ಹೋಗಿ" ಎಂದ. ನಗದೇ ಇರುವುದಕ್ಕೂ ದೊಡ್ಡ ಮನಸ್ಸು ಬೇಕು.

ಟಿ. ದಾಸರಹಳ್ಳಿಯಲ್ಲಿ ಅವನ ಮನೆ ಚಿಕ್ಕಮುನಿಯಪ್ಪನ ಕಟ್ಟಡದ ಮೂರನೇ ಮಹಡಿಯಲ್ಲಿತ್ತು. ಕೋಲು ಮೂರು ಮಹಡಿ ಹತ್ತುವಷ್ಟರಲ್ಲಿ ಸುದ್ದಿ ಆರು ಮಹಡಿ ಇಳಿದು ಬೀದಿಗೆ ಬಂದಿತ್ತು. ಮೊದಲನೇ ಮಹಡಿಯ ಯಮುನಾ, "ಪಾಪಣ್ಣ, ನಮ್ಮೆಜಮಾನ್ರಿಗೂ ನಿಮ್ ಅಮೆರಿಕ ಕಂಪನೀಲಿ ಒಂದ್ ಕೆಲ್ಸ ನೋಡಿ" ಎಂದಳು. "ನೋಡೋಣಮ್ಮ" ಎಂದ ಪಾಪಯ್ಯ, ಕಂಪನಿಯ ಅರ್ಧ ಪಾಲು ತನ್ನದೇ ಎಂಬಂತೆ.

ಹೆಂಡತಿ ಭದ್ರಮ್ಮ ಕೋಲನ್ನು ಒಂದು ಸುತ್ತು ನೋಡಿದಳು. "ಮುದ್ದೆ ಕೋಲಿಗೆ ಇಷ್ಟಗಲ ಎಲೆ ಯಾಕ್ರೀ? ಹಿಟ್ಟು ತಿರುವೋದಾ, ಮನೆಗೆ ಸುಣ್ಣ ಬಳಿಯೋದಾ?"

"ಅಲ್ಲಿ ಪಾತ್ರೆ ದೊಡ್ಡದಿರ್ತದೆ ಕಣೆ."

ಮೂವತ್ತು ವರ್ಷದ ಸಂಸಾರದಲ್ಲಿ ಎಲ್ಲಿ ಮಾತು ನಿಲ್ಲಿಸಬೇಕೆಂದು ಭದ್ರಮ್ಮನಿಗೆ ಗೊತ್ತಿತ್ತು.

ಗುರುವಾರ ಅವನು ರಬ್ಬರಿನ ಹಾಳೆ ಸುತ್ತಿದ. ಒಣಗಿದ ಕೈಗೆ ಚೆನ್ನಾಗಿತ್ತು, ಒದ್ದೆ ಕೈಗೆ ಹಾವುಮೀನಿನ ಹಾಗೆ ಜಾರಿತು. ಶುಕ್ರವಾರ ಗೀರು ಹಾಕಿದ ರಬ್ಬರ್ ಸುತ್ತಿದ. ಹತ್ತು ನಿಮಿಷಕ್ಕೆ ಅಂಗೈ ಕೆಂಪಾಯಿತು. ಶನಿವಾರ ಬೆಳಿಗ್ಗೆ ಕೋಲನ್ನು ತೊಡೆಯ ಮೇಲೆ ಮಲಗಿಸಿಕೊಂಡು ಸುಮ್ಮನೆ ಕೂತಿದ್ದಾಗ ಭದ್ರಮ್ಮ ಬಂದು, ತನ್ನ ನೂಲಿನ ಸೀರೆಯಿಂದ ಹರಿದ ಉದ್ದನೆಯ ಅಂಚನ್ನು ಅವನ ಮುಂದಿಟ್ಟು ಒಳಗೆ ಹೋದಳು. ಅತ್ತೆಯ ಕೋಲನ್ನು ಅವಳೂ ಹಿಡಿದವಳೇ.

ಪಾಪಯ್ಯ ಅಂಚನ್ನು ಬೆರಳಗಲ ಸಂದು ಬಿಟ್ಟು, ತಿರುವುವ ಕೈಗೆ ಎದುರಾಗಿ, ಬಳ್ಳಿಯಂತೆ ಸುತ್ತಿದ. ಮೇಲೆ ರಬ್ಬರಿನ ದ್ರಾವಣವನ್ನು ತೆಳ್ಳಗೆ ಸವರಿದ. ಮೇಲಿನ ಅಡ್ಡ ಹಿಡಿಗೆ ಸೈಕಲ್ ಟ್ಯೂಬಿನ ಮೆತ್ತೆ ಕೊಟ್ಟ. ಸಂಜೆ ಭದ್ರಮ್ಮ ಕೈಗೆ ಸೋಪು ಹಚ್ಚಿಕೊಂಡು ಒಂದು ತುದಿ ಹಿಡಿದಳು, ಅವನು ಇನ್ನೊಂದು ತುದಿ ಹಿಡಿದು ಎಳೆದ. ಹಿಡಿ ಜಾರಲಿಲ್ಲ, ಭದ್ರಮ್ಮನೂ ಜಾರಲಿಲ್ಲ. ಜಾರಿದವನು ಪಾಪಯ್ಯ ಒಬ್ಬನೇ; ಅಕ್ಕಿ ಡಬ್ಬದ ಮೇಲೆ ಬಿದ್ದು, ಅಲ್ಲಿಂದಲೇ, "ಪಾಸ್!" ಎಂದು ಕೂಗಿದ.

ಆ ಕೂಗಿಗೆ ಮನೆಯ ಒಡೆಯ ಚಿಕ್ಕಮುನಿಯಪ್ಪ ಮೇಲೆ ಬಂದ. ಅಪ್ಪಟ ದಾಸರಹಳ್ಳಿಯವನು. ಅವನ ಹೊಲ ಬಹುಪಾಲು ಬಡಾವಣೆಗೆ ಹೋಗಿ, ಉಳಿದ ತುಂಡಿನ ಮೇಲೆ ಈಗ ಈ ಕಟ್ಟಡ ನಿಂತಿತ್ತು. ಆದರೂ ಸುಮ್ಮನೆ ಕೂರಲಾರದೆ ಆಟೋ ಓಡಿಸುತ್ತಿದ್ದ, ಸ್ಟ್ಯಾಂಡಿನ ಅಧ್ಯಕ್ಷನೂ ಆಗಿದ್ದ.

"ಪಾಪಯ್ಯ, ನಾಳೆ ನಮ್ ಸ್ಟ್ಯಾಂಡಿನ ರಾಜ್ಯೋತ್ಸವ. ಇನ್ನೂರು ಜನಕ್ಕೆ ಇಟ್ಟು, ಬಸ್ಸಾರು. ಇಂಗೆ ಮನೇಲಿ ಎಳೆದಾಡುದ್ರೆ ಏನ್ ಬಂತು? ಕೊಪ್ಪರಿಗೇಲಿ ಆಡ್ಸಿ ನೋಡು. ಮಾಜಿ ಮೆಂಬ್ರೂ ಬತ್ತಾರೆ, ನಿಂಗೂ ಒಂದ್ ಎಸ್ರು ಆಯ್ತದೆ."

ಹೆಸರು ಎಂದ ಕೂಡಲೇ ಪಾಪಯ್ಯ ಅಕ್ಕಿ ಡಬ್ಬದಿಂದ ಎದ್ದ.

ಭಾನುವಾರ ಸ್ಟ್ಯಾಂಡಿನಲ್ಲಿ ಹಳದಿ ಕೆಂಪು ಬಾವುಟಗಳು, ಎತ್ತರದ ಸ್ಪೀಕರು, ವೇದಿಕೆಯ ಮೇಲೆ ಮಾಜಿ ಮೆಂಬರು. ಪಕ್ಕದಲ್ಲಿ ಮೂರು ಕಲ್ಲಿನ ಒಲೆಯ ಮೇಲೆ ಕೊಪ್ಪರಿಗೆ ಕುದಿಯುತ್ತಿತ್ತು. ಮೈಕಿನಲ್ಲಿ ಒಬ್ಬ ಚಾಲಕ, "ನಮ್ಮ ಏರಿಯಾದ ಹೆಮ್ಮೆಯ ಪುತ್ರ ಪಾಪಯ್ಯನೋರು ಕಂಡುಹಿಡಿದ ಅಂತರರಾಷ್ಟ್ರೀಯ ಮುದ್ದೆ ಕೋಲು, ಇದೇ ಮೊದಲ ಬಾರಿಗೆ ಕನ್ನಡ ನೆಲದಲ್ಲಿ!" ಎಂದು ಸಾರಿದ. ಚಪ್ಪಾಳೆ ಬಿತ್ತು. ಪಾಪಯ್ಯ ಪಂಚೆ ಎತ್ತಿಕಟ್ಟಿ ಕೋಲನ್ನು ಹಿಟ್ಟಿಗೆ ಇಳಿಸಿದ.

ಆಹಾ, ಹಿಡಿ ಎಂದರೆ ಹಿಡಿ! ಹಬೆಗೆ ಕೈ ತೊಯ್ದು ತೊಟ್ಟಿಕ್ಕುತ್ತಿತ್ತು. ಆದರೂ ತಿರುವಿದಷ್ಟೂ ಬಿಗಿ. ಒಂದು ಸುತ್ತು, ಎರಡು ಸುತ್ತು, ಐದು ಸುತ್ತು. ಪಾಪಯ್ಯನಿಗೆ ತಾಯಿಯ ಕೈಯೇ ತನ್ನ ಕೈಯ ಮೇಲಿದೆ ಅನ್ನಿಸಿತು. ಏಳನೇ ಸುತ್ತಿಗೆ ಕೋಲು ಇದ್ದಕ್ಕಿದ್ದಂತೆ ಹಗುರವಾಯಿತು. ತನ್ನ ಕೈಚಳಕವೇ ಇರಬೇಕೆಂದು ಇನ್ನೆರಡು ಸುತ್ತು ತಿರುವಿದ. ಅನುಮಾನ ಬಂದು ಎತ್ತಿ ನೋಡಿದ. ಕೋಲಿತ್ತು, ಹಿಡಿಯಿತ್ತು, ತುದಿಯ ಹಲಗೆ ಇರಲಿಲ್ಲ. ಅದನ್ನು ಕೋಲಿಗೆ ಕಚ್ಚಿಸಿದ್ದ ಅಂಟು ಬಿಸಿಗೆ ಕರಗಿ, ಫಾರಿನ್ ಪ್ಲಾಸ್ಟಿಕ್ಕು ಹಿಟ್ಟಿನ ತಳ ಸೇರಿತ್ತು.

"ಏಯ್, ಎಲ್ಲೋಯ್ತೋ ಅದು?"

"ಒಳಗಿದೆ ಮುನಿಯಪ್ಪಣ್ಣ."

"ಒಳಗಿದ್ರೆ ತೆಗಿಯೋ!"

ಇಬ್ಬರು ಸೌಟು ಹಾಕಿದರು, ಒಬ್ಬ ಸಲಿಕೆ ತಂದ. ಮೈಕಿನವನು ಪರಿಸ್ಥಿತಿ ತಿಳಿಯದೆ, "ಈಗ ಇನ್ನೊಂದು ಕೈಚಳಕ!" ಎಂದು ಕೂಗುತ್ತಲೇ ಇದ್ದ. ಹಲಗೆ ಹೊರಗೆ ಬರುವಷ್ಟರಲ್ಲಿ ಅದು ಆನೆಯ ಕಿವಿಯ ಹಾಗೆ ಮಡಿಚಿಕೊಂಡಿತ್ತು. ಅದರ ಜೊತೆಗೆ ಇನ್ನೊಂದೂ ಹೊರಗೆ ಬಂತು. ಐವತ್ತು ವರ್ಷದಿಂದ ಪಾಪಯ್ಯನ ಮೂಗಿನಲ್ಲಿ ಕೂತಿದ್ದ ಆ ವಾಸನೆ, ಈಗ ಇನ್ನೂರು ಮೂಗಿಗೆ ಒಟ್ಟಿಗೆ.

ಇಲ್ಲಿಯ ಹಿರಿಯರು ಸುಮ್ಮನಿರಲಿಲ್ಲ. "ಪಾಪಯ್ಯ, ಅಮೆರಿಕದೋರು ಸೀದಿದ್ದೇ ತಿಂತಾರಾ?" ಎಂದರು. "ಫೋನ್ ಮಾಡಿ ಕೇಳ್ರೋ" ಎಂದರು. ಮಾಜಿ ಮೆಂಬರು ಮೂಗಿಗೆ ಕರವಸ್ತ್ರ ಹಿಡಿದು, "ಪ್ರಯತ್ನ ಒಳ್ಳೇದು" ಎಂದು ಕಾರು ಹತ್ತಿದರು. ಕೊನೆಗೆ ಎದುರಿನ ತಳ್ಳುಗಾಡಿಯಿಂದ ಫ್ರೈಡ್‌ರೈಸು, ಗೋಬಿ ಮಂಚೂರಿ ಬಂತು. ಆ ವರ್ಷ ಕರ್ನಾಟಕ ರಾಜ್ಯೋತ್ಸವವನ್ನು ದಾಸರಹಳ್ಳಿಯ ಇನ್ನೂರು ಕನ್ನಡಿಗರು ಚೀನಾ ಊಟ ಮಾಡಿ ಆಚರಿಸಿದರು.

ಚಿಕ್ಕಮುನಿಯಪ್ಪ ಕೂಗಾಡಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. "ಇಪ್ಪತ್ತೆರಡು ವರ್ಸ ಇಟ್ಟು ಆಕಿದೀನಿ ಕಣೋ. ಒಂದ್ ದಿನ ಸೀದಿರ್ಲಿಲ್ಲ. ನನ್ ಮುಂದೆ ಬರ್ಬೇಡ ಇನ್ನ" ಎಂದ. ಅಂದಿನಿಂದ ಮೆಟ್ಟಿಲಲ್ಲಿ ಎದುರಾದರೆ ಗೋಡೆ ನೋಡಿಕೊಂಡು ಇಳಿಯುತ್ತಿದ್ದ. ಭದ್ರಮ್ಮ ಮಾತ್ರ 'ನಾನು ಹೇಳಿರ್ಲಿಲ್ವಾ' ಎಂಬ ಮಾತನ್ನು ಆಡಲೇ ಇಲ್ಲ. ಹಲಗೆಯನ್ನು ತೊಳೆದು, ಬಿಸಿನೀರಿನಲ್ಲಿ ಅದ್ದಿ, ಮೇಲೆ ರುಬ್ಬುವ ಕಲ್ಲು ಹೇರಿ, ಆದಷ್ಟು ನೆಟ್ಟಗೆ ಮಾಡಿಕೊಟ್ಟಳು. ಪಾಪಯ್ಯ ಅದನ್ನು ಕಾರ್ಖಾನೆಯ ಅಂಟಿನಿಂದ ಕೋಲಿಗೆ ಮತ್ತೆ ಕಚ್ಚಿಸಿದ. ಹಿಡಿಯ ಸುತ್ತಿನ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಒಣಗಿದ ಹಿಟ್ಟು ಮಾತ್ರ ಏನು ಮಾಡಿದರೂ ಹೋಗಲಿಲ್ಲ.

ಸೋಮವಾರ ಮಂಜುಶ್ರೀ ಬಂದಳು. ಮೂವತ್ತರ ಒಳಗಿನ ಹುಡುಗಿ, ಕಾಲಲ್ಲಿ ಓಟದ ಬೂಟು. ಕೋಲನ್ನು ಕೈಗೆ ತೆಗೆದುಕೊಂಡು, "ಬಕೆಟ್‌ನಲ್ಲಿ ನೀರು ಕೊಡ್ತೀರಾ?" ಎಂದಳು. ಪಾಪಯ್ಯ ಓಡಿಹೋಗಿ ಕಾದ ನೀರು ತಂದ.

"ಬಿಸಿನೀರು ಯಾಕೆ ಅಂಕಲ್? ಕೆರೆ ನೀರು ತಣ್ಣಗೇ ಇರತ್ತಲ್ಲ."

"ಕೆರೆ ನೀರಲ್ಲಾ?" ಎಂದ ಪಾಪಯ್ಯ. ಕೆರೆ ನೀರಿನಲ್ಲಿ ಯಾರಮ್ಮ ಹಿಟ್ಟು ಮಾಡುತ್ತಾರೆ ಎಂದು ಬಾಯಿಗೆ ಬಂದದ್ದನ್ನು ನುಂಗಿದ.

ಅಷ್ಟರಲ್ಲಿ ಅವಳು ಶಶಿಕುಮಾರನಿಗೆ ಫೋನಿನಲ್ಲಿ ಒಂದು ವಿಡಿಯೋ ತೋರಿಸಿದಳು. ಪಾಪಯ್ಯ ಕತ್ತು ಉದ್ದ ಮಾಡಿ ನೋಡಿದ. ವಿಶಾಲವಾದ ನೀರು. ನೀರಿನ ಮೇಲೆ ತೇಲುವ ಒಂದು ಉದ್ದನೆಯ ಹಲಗೆ. ಅದರ ಮೇಲೆ ನಿಂತ ಹೆಂಗಸೊಬ್ಬಳು ದೋಣಿಗೆ ಹುಟ್ಟು ಹಾಕುವವರ ಹಾಗೆ ಅಂಥದೇ ಕೋಲಿನಿಂದ ನೀರನ್ನು ಹಿಂದಕ್ಕೆ ತಳ್ಳುತ್ತ ಮುಂದಕ್ಕೆ ಹೋಗುತ್ತಿದ್ದಳು. ಎಲ್ಲಿಂದ ಹೊರಟಿದ್ದಳೋ, ತಿರುಗಿ ಮತ್ತೆ ಅಲ್ಲಿಗೇ ಬಂದಳು. ಪ್ರೆಸ್ಸಿನ ಬಳಿಯಿಂದ ನೋಡುತ್ತಿದ್ದ ಮಲಕಪ್ಪ ಪಾಪಯ್ಯನ ಮುಖ ನೋಡಿ, ಯಂತ್ರವನ್ನು ಒಂದು ಗಳಿಗೆ ಜೋರಾಗಿ ಚಾಲೂ ಮಾಡಿದ. ಆ ಗದ್ದಲದಲ್ಲಿ ಯಾರಿಗೂ ಯಾರ ಮುಖವನ್ನೂ ನೋಡುವ ವ್ಯವಧಾನವಿರಲಿಲ್ಲ.

ಮಂಜುಶ್ರೀ ಕೈ ಒದ್ದೆ ಮಾಡಿಕೊಂಡು ಕೋಲು ಹಿಡಿದು ಹಿಂದಕ್ಕೂ ಮುಂದಕ್ಕೂ ಆಡಿಸಿದಳು. ಇನ್ನೂ ಜೋರಾಗಿ ಆಡಿಸಿದಳು. ಕಣ್ಣು ಅರಳಿತು. "ಸಕ್ಕತ್! ಎಳೆದಷ್ಟೂ ಟೈಟ್ ಆಗತ್ತೆ! ನಾನು ಎಷ್ಟೋ ಬ್ರ್ಯಾಂಡ್ ನೋಡಿದೀನಿ, ಇಂಥದ್ದು ಸಿಕ್ಕಿರ್ಲಿಲ್ಲ. ಸ್ಪೈರಲ್ ಯಾಕೆ ಈ ದಿಕ್ಕಿಗೇ ಸುತ್ತಿದೀರಿ?"

ಪಾಪಯ್ಯ ಗಂಟಲು ಸರಿಮಾಡಿಕೊಂಡ. "ಅದು ಮೇಡಂ, ನಮ್ಮ ತಾಯಿ..."

"ಅದು ನಮ್ಮ ಆರ್ ಅಂಡ್ ಡಿ ಸ್ಟಡಿ ಮೇಡಂ" ಎಂದ ಶಶಿಕುಮಾರ್.

ಅವಳು ಸಂದಿಯನ್ನು ಉಗುರಿನಿಂದ ಕೆರೆದಳು. "ಈ ಬ್ರೌನ್ ಏನು?"

ಶಶಿಕುಮಾರ್ ತಡವರಿಸಿದ. ಪಾಪಯ್ಯನಿಗೆ ಅನ್ನಿಸಿತು, ಈ ಒಂದಾದರೂ ನಿಜ ಹೇಳಿ ಹಗುರಾಗೋಣ ಎಂದು. "ರಾಗಿ ಹಿಟ್ಟು ಮೇಡಂ."

"ರಾಗಿ? ಮಿಲೆಟ್?"

"ಬಯೋ ಅಡ್ಹೆಸಿವ್ ಮೇಡಂ. ಕೆಮಿಕಲ್ ಇಲ್ಲ" ಎಂದು ಶಶಿಕುಮಾರ್ ಜಿಗಿದು ಹಿಡಿದ.

"ಇಲ್ಲ ಮೇಡಂ, ಸೀದೋಗಿತ್ತು ಅದು."

"ರೋಸ್ಟೆಡ್!" ಎಂದ ಶಶಿಕುಮಾರ್. "ಪಾಪಯ್ಯ, ಮೇಡಂಗೆ ಎಳನೀರು ತಗೊಂಡ್ ಬನ್ನಿ."

ನಿಜವನ್ನು ಹೇಳಿಯೂ ಸುಳ್ಳುಗಾರನಾಗುವುದು ಎಲ್ಲರಿಗೂ ಬರುವ ವಿದ್ಯೆಯಲ್ಲ. ಪಾಪಯ್ಯ ಎಳನೀರು ತರುವಷ್ಟರಲ್ಲಿ ಮಾತುಕತೆ ಮುಗಿದು ಇಬ್ಬರೂ ಕೈ ಕುಲುಕುತ್ತಿದ್ದರು. ಮಂಜುಶ್ರೀ ಎಳನೀರು ತೆಗೆದುಕೊಂಡು, "ನೀವು ಕುಡಿದ್ರಾ ಅಂಕಲ್?" ಎಂದಳು. ಆ ದಿನ ಕಾರ್ಖಾನೆಯಲ್ಲಿ ಅವನನ್ನು ಏನನ್ನಾದರೂ ಕೇಳಿ ಉತ್ತರಕ್ಕೆ ಕಾದವಳು ಅವಳೊಬ್ಬಳೇ.

"ಕುಡಿದೆ ಮೇಡಂ" ಎಂದ. ಕುಡಿದಿರಲಿಲ್ಲ.

ಕಾರು ಹೋದ ಮೇಲೆ ಪಾಪಯ್ಯ ಕೇಳಿದ. "ಸಾರ್, ಓಕೆ ಆಯ್ತಾ?"

"ಓಕೆ ಏನು ಪಾಪಯ್ಯ, ಸೂಪರ್! ದೊಡ್ಡ ಆರ್ಡರ್. ಬ್ರೋಷರಲ್ಲಿ 'ಮಿಲೆಟ್ ಗ್ರಿಪ್' ಅಂತಾನೇ ಹಾಕ್ತಾರಂತೆ."

"ಹಾಗಾದ್ರೆ ನಮ್ಮ ಸೆಕ್ಷನ್ನು..."

ಶಶಿಕುಮಾರ್ ಫೋನು ನೋಡಿದ. "ಆ ಕ್ವಾಂಟಿಟಿ ಕೈಯಲ್ಲಿ ಸುತ್ತಕ್ಕಾಗಲ್ಲ ಅಲ್ವಾ. ನಿಮ್ಮ ಸುತ್ತನ್ನೇ ಅಚ್ಚು ತೆಗೆಸ್ತೀವಿ. ಹೊಸಕೋಟೆ ಹತ್ರ ಒಂದ್ ಯೂನಿಟ್ ಇದೆ, ಮೆಷಿನ್ನೇ ಒತ್ತತ್ತೆ. ಇಲ್ಲಿ ಹೇಳಿದ್ನಲ್ಲ, ತಿಂಗಳ ಕೊನೆಗೆ..."

ಮುಂದಿನದನ್ನು ಫೋನೇ ಹೇಳಿತು.

ತಿಂಗಳ ಕೊನೆಯ ದಿನ ಮಧ್ಯಾಹ್ನ ಬೀಳ್ಕೊಡುಗೆ ನಡೆಯಿತು. ನಾಲ್ವರಿಗೂ ಹಾರ ಹಾಕಿ ಶಾಲು ಹೊದಿಸಿದರು. ಪಾಪಯ್ಯನಿಗೆ ವಿಶೇಷವಾಗಿ ಆ ಕೋಲನ್ನೇ ರಿಬ್ಬನ್ ಕಟ್ಟಿ ನೆನಪಿನ ಕಾಣಿಕೆಯಾಗಿ ಕೊಟ್ಟರು. ಹಲಗೆ ಸೊಟ್ಟಗಾಗಿದ್ದರಿಂದ ಅದು ಮಾರಾಟಕ್ಕೆ ಬರುವಂತಿರಲಿಲ್ಲ. ಫೋಟೋ ತೆಗೆಯುವಾಗ ಶಶಿಕುಮಾರ್, "ಪಾಪಯ್ಯ, ಸ್ಮೈಲ್" ಎಂದ. ಪಾಪಯ್ಯ ನಕ್ಕ. ಮೂವತ್ತೊಂದು ವರ್ಷ ಹೇಳಿದ್ದನ್ನೆಲ್ಲ ಮಾಡಿದವನಿಗೆ ಇದೊಂದು ಹೆಚ್ಚಾಗಲಿಲ್ಲ.

ಗೇಟಿನ ಬಳಿ ಮಲಕಪ್ಪ ಕಾಯುತ್ತಿದ್ದ. "ಹೆಬ್ಬಗೋಡಿ ಕಡಿ ಒಂದು ಬಿಲ್ಡಿಂಗ್ ಕೆಲಸ ಐತಂತ್ರಿ. ಮಕ್ಕಳ ಸಾಲಿ ಬಿಡಿಸ್ಕೊಂಡು ಹೋಗ್ಬೇಕು. ನೀವ್ ಮುಂದ ಏನ್ ಮಾಡ್ತೀರಿ ಪಾಪಣ್ಣ?"

ಪಾಪಯ್ಯ ಬಾಯಿ ತೆರೆದ. ಎಂದಿನಂತೆ ಏನೋ ಒಂದು ಬರಬೇಕಿತ್ತು. ಬರಲಿಲ್ಲ.

"ಗೊತ್ತಿಲ್ಲ ಕಣಪ್ಪ" ಎಂದ.

ಮಲಕಪ್ಪ ಅವನ ಕೊರಳಿನ ಹಾರದಿಂದ ಬಿಚ್ಚಿ ಜೋತಾಡುತ್ತಿದ್ದ ದಾರವನ್ನು ಒಳಗೆ ಸಿಕ್ಕಿಸಿ, ಬಸ್ಸಿನ ಕಡೆ ನಡೆದ.

ಮೆಟ್ರೋದಲ್ಲಿ ಬಿಡುವುದಿಲ್ಲವೆಂದು ಗೊತ್ತಿತ್ತು. ಪಾಪಯ್ಯ ಹೆಗಲ ಮೇಲೆ ಶಾಲು, ಶಾಲಿನ ಮೇಲೆ ಕೋಲು ಹೊತ್ತು ಸರ್ವಿಸ್ ರೋಡಿನ ನೆರಳಿನಲ್ಲಿ ನಡೆದ. ಆಟೋ ಸ್ಟ್ಯಾಂಡನ್ನು ತಪ್ಪಿಸಲು ಬೇರೆ ದಾರಿ ಇರಲಿಲ್ಲ.

"ಪಾಪಣ್ಣ, ಹಾರ ಬೇರೆ! ಅಮೆರಿಕದೋರು ಬಂದಿದ್ರಾ?" ಎಂದ ಒಬ್ಬ ಚಾಲಕ.

"ಕೊನೆಗೆ ಏನಂತಣ್ಣ ಆ ಕೋಲು?" ಎಂದ ಇನ್ನೊಬ್ಬ.

"ನೀರಿನ ಮೇಲೆ ನಿಂತ್ಕೊಂಡು ಹೋಗೋದಂತೆ."

"ಎಲ್ಲಿಗೆ?"

"ಎಲ್ಲಿಗೂ ಇಲ್ಲ. ಹೋಗಿ ವಾಪಸ್ ಬರೋದಂತೆ."

ಸ್ಟ್ಯಾಂಡೆಲ್ಲ ನಕ್ಕಿತು. ಪಾಪಯ್ಯ ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತ. ಮನೆಗೆ ಹೋದರೆ ಭದ್ರಮ್ಮ ಏನೂ ಅನ್ನುವುದಿಲ್ಲ. ಆ ಏನೂ ಅನ್ನದಿರುವುದನ್ನು ಎದುರಿಸಲು ಸ್ವಲ್ಪ ಹೊತ್ತು ಬೇಕಿತ್ತು.

ಚಿಕ್ಕಮುನಿಯಪ್ಪ ತನ್ನ ಆಟೋದ ಹಿಂದಿನ ಸೀಟಿನಲ್ಲಿ ಕ್ಯಾರಿಯರ್ ಬಿಚ್ಚಿಕೊಂಡು ಊಟಕ್ಕೆ ಕೂತಿದ್ದ. ಹಾರ ನೋಡಿದ, ಶಾಲು ನೋಡಿದ, ರಿಬ್ಬನ್ ಕಟ್ಟಿದ ಕೋಲನ್ನು ನೋಡಿದ. ಬಡಾವಣೆಗೆ ಬೇಸಾಯದ ಹೊಲ ಬಿಟ್ಟುಕೊಟ್ಟ ದಿನ ಅವನಿಗೂ ಯಾರೋ ಒಂದು ಶಾಲು ಹೊದಿಸಿದ್ದರು. ನಗುತ್ತಿದ್ದ ಹುಡುಗರ ಕಡೆ ತಿರುಗಿ ಒಂದು ಸಲ ಕಣ್ಣು ಬಿಟ್ಟ. ಸ್ಟ್ಯಾಂಡು ತಣ್ಣಗಾಯಿತು.

ಇಳಿದು ಬಂದು, ಪಾಪಯ್ಯನ ಕೈಯಿಂದ ಕೋಲನ್ನು ತೆಗೆದು ಆಟೋಗೆ ಒರಗಿಸಿಟ್ಟ. ಖಾಲಿಯಾದ ಆ ಕೈಗೆ ಕ್ಯಾರಿಯರಿನ ಮೇಲಿನ ಡಬ್ಬಿಯನ್ನು ಇಟ್ಟ. ಅವರೆಕಾಳು ಸಾರಿನಲ್ಲಿ ಅರ್ಧ ಮುಳುಗಿ, ಹಬೆಯಾಡುತ್ತಿದ್ದ ಒಂದು ಮುದ್ದೆ.

"ಸೀದಿಲ್ಲ" ಎಂದ ಚಿಕ್ಕಮುನಿಯಪ್ಪ, ರಸ್ತೆ ನೋಡುತ್ತ.